ಬೆಲೆ ಏರಿದ್ದು ಯಾರಿಗೆ?

ಧಾರವಾಡದಲ್ಲಿ ನಾನು ಊಟ ಮಾಡುವ ಖಾನಾವಳಿಯ ಗೋಡೆಯ ಮೇಲಿನ ದರ 2024ರ ಅಕ್ಟೋಬರ್ ಒಂದರಂದು ಬದಲಾಯಿತು. ಊಟಕ್ಕೆ ಹತ್ತು ರೂಪಾಯಿ ಹೆಚ್ಚು. ಬದನೆಕಾಯಿ ಎಣ್ಣೆಗಾಯಿಯ ಮೇಲೆ ತೇಲುತ್ತಿದ್ದ ಎಣ್ಣೆಯೂ ಕಡಿಮೆಯಾಗಿತ್ತು. "ಎಣ್ಣಿ ಡಬ್ಬಿ ರೇಟ್ ಕೇಳಿಯೇನೋ ತಮ್ಮಾ? ನೀ ಇದನ್ನ ಓದಾಂವ ಅಲ್ಲಾ, ಯಾಕ ಏರೇತಿ ಹೇಳು ನೋಡೋಣು" ಎಂದರು ಅಕ್ಕ.

ಕಾರಣ ನನಗೆ ಗೊತ್ತಿತ್ತು. ಕೇಂದ್ರ ಸರ್ಕಾರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತ್ತು. ಸೆಸ್ಸು ಗಿಸ್ಸು ಸೇರಿ ಶೇ. 5.5 ಇದ್ದದ್ದು 27.5 ಆಗಿತ್ತು. ಸಂಸ್ಕರಿಸಿದ ಎಣ್ಣೆಗೆ 13.75ರಿಂದ 35.75. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಹೀಗಿರುವಾಗ ಬಂದರಿನಲ್ಲಿ ಏರಿಸಿದ ಸುಂಕ ಖಾನಾವಳಿಯ ಬಾಣಲೆಗೆ ಬರಲು ಹೆಚ್ಚು ದಿನ ಬೇಕಿಲ್ಲ. ಅದೇ ಹೊತ್ತಿಗೆ ತಾಳೆ ಎಣ್ಣೆಯ ಜಾಗತಿಕ ಬೆಲೆಯೂ ಏರುತ್ತಿತ್ತು. ಅಕ್ಕನ ಹತ್ತು ರೂಪಾಯಿಯಲ್ಲಿ ಸುಂಕದ ಪಾಲು ಎಷ್ಟು ಎಂದು ಬಿಡಿಸಿ ತೋರಿಸುವುದು ಸುಲಭವಲ್ಲ. ಆದರೆ ಪಾಲು ಇತ್ತು.

ಇಷ್ಟನ್ನು ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಆ ಸುಂಕವನ್ನು ಏರಿಸಿದ್ದು ನಮ್ಮಪ್ಪನಂಥವರ ಹೆಸರಿನಲ್ಲಿ. ಕೊಪ್ಪಳದ ಕಡೆ ನಮ್ಮದು ನಾಲ್ಕು ಎಕರೆ ಎರೆಭೂಮಿ, ಮುಂಗಾರಿಗೆ ಸೂರ್ಯಕಾಂತಿ. ಆ ವರ್ಷ ಸೂರ್ಯಕಾಂತಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 7,280 ರೂಪಾಯಿ. ಅಪ್ಪನಿಗೆ ಪೇಟೆಯಲ್ಲಿ ಸಿಕ್ಕಿದ್ದು ಐದು ಸಾವಿರದ ಚಿಲ್ಲರೆ. ಅಗ್ಗದ ಎಣ್ಣೆ ಬಂದು ಬೀಳುತ್ತಿರುವಾಗ ಗಾಣದವರು ನಮ್ಮ ಕಾಳಿಗೆ ಹೆಚ್ಚು ಕೊಡುವುದೆಲ್ಲಿಂದ? ಸೆಮಿನಾರುಗಳಲ್ಲಿ ನಾನು ಸುಂಕ ಬೇಕೆನ್ನುವವರ ಕಡೆಗೇ ವಾಲುತ್ತಿದ್ದೆ, ಮನೆಯ ಕಾಳಿನ ಚೀಲ ಕಣ್ಣ ಮುಂದಿರುತ್ತಿತ್ತು. ಸಿದ್ಧಾಂತ ಆಮೇಲೆ ಬಂತು.

ಪಕ್ಷಗಳನ್ನು ನೋಡಿದರೆ ನನ್ನ ಸಂಕೋಚ ಸ್ವಲ್ಪ ಕಡಿಮೆಯಾಗುತ್ತದೆ. 2008ರಲ್ಲಿ ಬೆಲೆ ಏರಿದಾಗ ಆಗಿನ ಸರ್ಕಾರ ಕಚ್ಚಾ ಎಣ್ಣೆಗಳ ಸುಂಕ ತೆಗೆದುಹಾಕಿತು. 2021ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಅದನ್ನೇ ಮಾಡಿತು. ಸುಂಕ ಏರಿದಾಗ ವಿರೋಧ ಪಕ್ಷದವರಿಗೆ ಗೃಹಿಣಿಯ ನೆನಪು, ಇಳಿದಾಗ ರೈತನ ನೆನಪು. ಆಳುವವರಿಗೆ ಇದರ ತಿರುವುಮುರುವು.

ಇಲ್ಲಿ ಇನ್ನೂರು ವರ್ಷಗಳ ಹಿಂದಿನ ಇಬ್ಬರು ಸ್ನೇಹಿತರು ನನ್ನನ್ನು ಕಾಡುತ್ತಾರೆ. 1815ರಲ್ಲಿ ಇಂಗ್ಲೆಂಡು ಹೊರಗಿನ ಗೋಧಿಯನ್ನು ತಡೆಯಲು ಧಾನ್ಯ ಕಾನೂನು ತಂದಾಗ ಮಾಲ್ಥಸ್ ಅದರ ಪರ ಬರೆದ, ರಿಕಾರ್ಡೊ ವಿರುದ್ಧ ಬರೆದ. ಧಾನ್ಯ ತುಟ್ಟಿಯಾದರೆ ಭೂಮಿಯ ಗೇಣಿ ಏರುತ್ತದೆ, ಲಾಭ ಜಮೀನುದಾರನಿಗೆ ಎಂಬುದು ರಿಕಾರ್ಡೊನ ವಾದ. ಆದರೆ ಷೇರುಪೇಟೆಯಲ್ಲಿ ಗಳಿಸಿದ ದುಡ್ಡಿನಿಂದ ಅವನು ಅಷ್ಟರಲ್ಲಿ ದೊಡ್ಡ ಎಸ್ಟೇಟು ಕೊಂಡು ತಾನೇ ಜಮೀನುದಾರನಾಗಿದ್ದ. ಗೇಣಿ ಬಾರದ ಮಾಲ್ಥಸ್ ಜಮೀನುದಾರರ ಪರ ವಾದಿಸುತ್ತಿದ್ದ. ಇಬ್ಬರೂ ತಮ್ಮ ತಮ್ಮ ಜೇಬಿಗೆ ವಿರುದ್ಧವಾಗಿ ನಿಂತಿದ್ದರು. 1823ರಲ್ಲಿ, ಸಾಯುವ ಕೆಲವೇ ದಿನಗಳ ಮೊದಲು ಬರೆದ ಪತ್ರದಲ್ಲಿ ರಿಕಾರ್ಡೊ, ನೀನು ನನ್ನ ಮಾತಿಗೆ ಒಪ್ಪಿದ್ದರೂ ಇದಕ್ಕಿಂತ ಹೆಚ್ಚು ನಿನ್ನನ್ನು ಇಷ್ಟಪಡುತ್ತಿರಲಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಓದಿದಾಗ ಹೊಟ್ಟೆಕಿಚ್ಚಾಗುತ್ತದೆ. ನಾನು ಅಪ್ಪನ ಜೇಬಿಗೆ ವಿರುದ್ಧವಾಗಿ ಒಂದು ವಾಕ್ಯ ಬರೆದದ್ದಿಲ್ಲ.

ಅರ್ಥಶಾಸ್ತ್ರದವರ ಬಳಿ ಒಂದು ಸಮಾಧಾನ ಇದೆ. ಸುಂಕದಿಂದ ಬೆಲೆ ಒಂದು ಸಲ ಮೆಟ್ಟಿಲು ಹತ್ತುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಹಣದುಬ್ಬರ ಎಂದರೆ ಬೆಲೆ ಅಲ್ಲ, ಬೆಲೆ ಏರುವ ವೇಗ. ಹನ್ನೆರಡು ತಿಂಗಳಾದರೆ ಹೋದ ವರ್ಷದ ಲೆಕ್ಕವೂ ಏರಿದ ಬೆಲೆಯದೇ ಆಗುವುದರಿಂದ ಶೇಕಡಾವಾರು ತಾನೇ ಇಳಿಯುತ್ತದೆ. ಟ್ರಂಪ್ ಸುಂಕಗಳ ಬಗ್ಗೆ ಅಮೆರಿಕದ ಫೆಡರಲ್ ರಿಸರ್ವ್‌ನಲ್ಲಿ ನಡೆದ ಜಗಳವೂ ಇದೇ ಆಗಿತ್ತು. ಒಂದೇ ಸಲದ ಏರಿಕೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎನ್ನುವ ಕ್ರಿಸ್ಟೋಫರ್ ವಾಲರ್ 2025ರ ಜುಲೈನಲ್ಲಿ ಬಡ್ಡಿ ಇಳಿಸಬೇಕೆಂದು ಭಿನ್ನಮತ ದಾಖಲಿಸಿದರು. ಏರಿಕೆ ಬೇರೂರಬಹುದು ಎಂಬ ಅನುಮಾನ ಜೆರೋಮ್ ಪೊವೆಲ್ ಅವರದಾಗಿತ್ತು.

ಲೆಕ್ಕವಾಗಿ ವಾಲರ್ ವಾದ ತಪ್ಪಲ್ಲ. ಆದರೆ ಖಾನಾವಳಿಯಲ್ಲಿ ಕೂತು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹಣದುಬ್ಬರ ಇಳಿದ ಮೇಲೂ ಅಕ್ಕ ಡಬ್ಬಿಗೆ ಏರಿದ ದುಡ್ಡನ್ನೇ ಕೊಡಬೇಕು. 2025ರಲ್ಲಿ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಎಣ್ಣೆ ಮತ್ತು ಕೊಬ್ಬಿನ ತೂಕ ಶೇ. 3.56 ಇತ್ತು. ಅಕ್ಕನ ಖರ್ಚಿನ ಚೀಟಿಯಲ್ಲಿ ಅದು ಅಷ್ಟು ಸಣ್ಣದಲ್ಲ. ಸರಾಸರಿಗೆ ಆದ ಗಾಯ ವರ್ಷದಲ್ಲಿ ಮಾಯುತ್ತದೆ, ಸರಾಸರಿ ಅಡುಗೆ ಮಾಡುವುದಿಲ್ಲ.

ನನ್ನ ಮನಸ್ಸು ಹೆಚ್ಚು ಸಿಕ್ಕಿಹಾಕಿಕೊಂಡಿದ್ದು ಇನ್ನೊಂದು ಕಡೆ. ಸುಂಕ ಏರಿದ ಕೂಡಲೇ ಸರ್ಕಾರ ಎಣ್ಣೆ ಕಂಪನಿಗಳಿಗೆ ಹೇಳಿತು: ಹಳೆಯ ಸುಂಕದಲ್ಲಿ ತಂದ ಸುಮಾರು 30 ಲಕ್ಷ ಟನ್ ದಾಸ್ತಾನಿದೆ, 45–50 ದಿನಕ್ಕೆ ಸಾಕು, ಅದು ಮುಗಿಯುವವರೆಗೆ ಬೆಲೆ ಏರಿಸಬೇಡಿ. ಡಬ್ಬಿಯ ಬೆಲೆ ಅಷ್ಟು ದಿನ ಕಾಯಲಿಲ್ಲ. ವ್ಯಾಪಾರಿಯ ತರ್ಕವೂ ಇದೆ, ನಾಳೆ ಹೊಸ ಬೆಲೆಗೆ ಕೊಳ್ಳಬೇಕಾದವನು ಇಂದು ಹಳೆ ಬೆಲೆಗೆ ಏಕೆ ಮಾರಬೇಕು? ಆದರೂ ಕಟ್ಟದ ಸುಂಕವನ್ನು ವಸೂಲಿ ಮಾಡುವುದಕ್ಕೆ ಬೇರೆ ಹೆಸರಿರಬೇಕು. ಅಕ್ಕ ಮಾತ್ರ ತಿಂಗಳು ಮುಗಿಯುವವರೆಗೆ ಹಳೇ ದರಕ್ಕೇ ಊಟ ಹಾಕಿದರು. ಅವರು ಧರ್ಮಾತ್ಮರು ಎಂದಲ್ಲ, ತಿಂಗಳ ಚೀಟಿ ಮೊದಲೇ ಮಾರಿದ್ದರು, ಕೊಟ್ಟ ಮಾತು ಕುತ್ತಿಗೆಗೆ ಬಂದಿತ್ತು.

ಅಪ್ಪ ಕಾಳು ಮಾರಿದ್ದು ಸೆಪ್ಟೆಂಬರ್ ಮೊದಲ ವಾರ. ಬೀಜ ಗೊಬ್ಬರದ ಉದ್ರಿ ತೀರಿಸಬೇಕಿತ್ತು. ಸುಂಕ ಏರಿದ್ದು ಆಮೇಲೆ. ಅಕ್ಕನಿಂದ ಹೋದ ಹತ್ತು ರೂಪಾಯಿ ಅಪ್ಪನ ತನಕ ಬರಲೇ ಇಲ್ಲ, ನಡುವೆ ಗೋದಾಮಿನಲ್ಲಿ ಕಾಳಿಟ್ಟುಕೊಂಡವರ ಹತ್ತಿರ ನಿಂತಿತು. ರೈತನಿಗಾಗಿ ಬಳಕೆದಾರ ಸ್ವಲ್ಪ ಹೊರೆ ಹೊರಲಿ ಎಂಬ ನನ್ನ ನೀತಿವಾದಕ್ಕೆ, ಹೊರೆ ರೈತನಿಗೆ ತಲುಪಿದ್ದರೆ ಮಾತ್ರ ಅರ್ಥ. ಬೆಂಬಲ ಬೆಲೆಗೆ ಸಕಾಲಕ್ಕೆ ಕೊಳ್ಳುವ ಕೇಂದ್ರವಿಲ್ಲದೆ ಸುಂಕವೊಂದನ್ನೇ ಸಮರ್ಥಿಸುವುದು ಪ್ರಾಮಾಣಿಕವಲ್ಲ ಎಂದು ಈಗ ಅನ್ನಿಸುತ್ತದೆ. ಸುಂಕವೇ ಬೇಡ ಎನ್ನುವವರ ಜೊತೆ ಕೂರಲೂ ನನ್ನಿಂದಾಗದು. 1990ರ ದಶಕದ ಆರಂಭದಲ್ಲಿ ನಾವು ಖಾದ್ಯ ತೈಲದಲ್ಲಿ ಬಹುಪಾಲು ಸ್ವಾವಲಂಬಿಗಳಾಗಿದ್ದೆವು, ಬಾಗಿಲು ತೆರೆದ ಮೇಲೆ ಏನಾಯಿತೆಂದು ನಮ್ಮೂರ ಹೊಲಗಳೇ ಹೇಳುತ್ತವೆ.

2025ರ ಮೇ ತಿಂಗಳಲ್ಲಿ ಅಪ್ಪ ಫೋನ್ ಮಾಡಿದ್ದರು. ಸೂರ್ಯಕಾಂತಿ ಹಾಕೋದೋ, ಊರವರ ಹಾಗೆ ಗೋವಿನಜೋಳಕ್ಕೆ ಹೋಗೋದೋ? "ಸುಂಕ ಇರ್ತೈತಿ, ಸೂರ್ಯಕಾಂತಿನ ಹಾಕ್ರಿ" ಎಂದೆ. ಬೀಜ ತಂದರು. ಮೇ 30ರಂದು ಕೇಂದ್ರ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು.

ಎರಡು ದಿನ ಫೋನ್ ಮಾಡಲು ಧೈರ್ಯ ಬರಲಿಲ್ಲ. ಮಾಡಿದಾಗ, ಸುದ್ದಿ ಅವರಿಗೆ ದಲಾಲಿ ಅಂಗಡಿಯಲ್ಲಿ ಮೊದಲೇ ಗೊತ್ತಾಗಿತ್ತು. ಬೈಯಲಿಲ್ಲ. "ಆಗ್ಲಿ ಬಿಡು, ಎಣ್ಣಿ ಸೋವಿ ಆತಲ್ಲ. ನಿಮ್ಮ ಖಾನಾವಳಿ ಅಕ್ಕಗರ ಚಲೋ ಆತು" ಎಂದರು.

ಆಗಸ್ಟ್ ಬಂತು. ಹೊಲದಲ್ಲಿ ಹೂವು ಬಿಟ್ಟಿತ್ತಂತೆ. ಖಾನಾವಳಿಯ ಗೋಡೆಯ ಮೇಲಿನ ದರ ಇಳಿದಿರಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ.