ಬೇಟೆಗಾರನ ಹಣ, ಹಕ್ಕಿಯ ಕೆರೆ

ಅಮೆರಿಕೆಯಲ್ಲಿ ಬಾತುಕೋಳಿಗಳ ಬೇಟೆಯಾಡುವ, 16 ವರ್ಷ ತುಂಬಿದ ಪ್ರತಿಯೊಬ್ಬನೂ ಸರಕಾರದ ‘ಡಕ್ ಸ್ಟಾಂಪ್’ ಎಂಬ ಚೀಟಿಯನ್ನು ಕೊಳ್ಳಬೇಕು. 1934ರಲ್ಲಿ ಜಾರಿಗೆ ಬಂದ ಈ ಚೀಟಿಯ ಹಣದಲ್ಲಿ ಶೇಕಡಾ 98 ಭಾಗ ಜೌಗುಭೂಮಿಯ ರಕ್ಷಣೆಗೆ ಸಲ್ಲುತ್ತದೆ. 1937ರಲ್ಲಿ ಬೇಟೆಗಾರರೇ ಸ್ಥಾಪಿಸಿದ ‘ಡಕ್ಸ್ ಅನ್‌ಲಿಮಿಟೆಡ್’ ಸಂಸ್ಥೆಯೂ ಹಾಳಾದ ಜೌಗುಗಳನ್ನು ಪುನರುಜ್ಜೀವನಗೊಳಿಸುತ್ತಿದೆ. ಅಲ್ಲಿ ನೆಲೆಸಿದ ಶ್ರಾವಕನು ಇಂಥ ಸಂಘಕ್ಕೆ ದಾನ ಕೊಡಬಹುದೇ?

ಫಲವನ್ನಷ್ಟೇ ನೋಡಿದರೆ ಕೊಡಬಹುದೆನಿಸುತ್ತದೆ. ಆದರೆ ಕರ್ಮದ ಖಾತೆಯು ಅಂಗಡಿಯ ಖಾತೆಯಂತಲ್ಲ. ಅಲ್ಲಿ ಪುಣ್ಯದಲ್ಲಿ ಪಾಪವನ್ನು ವಜಾ ಮಾಡಲಾಗದು, ಎರಡೂ ಬೇರೆ ಬೇರೆಯಾಗಿ ಫಲ ಕೊಡುತ್ತವೆ. ಬೇಟೆಯು ಸಂಕಲ್ಪೀ ಹಿಂಸೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದು ಅತಿ ಸೂಕ್ಷ್ಮ. ಬೇಟೆಗಾರರ ಸಂಘದ ಸದಸ್ಯತ್ವವು ಅದರೊಳಗೆ ಬಂದೀತು.

ಹಾಗೆಂದು ಕೈಕಟ್ಟಿ ಕುಳಿತರೆ ಅದು ಅಹಿಂಸೆಯಾಗುವುದೇ? ಜೌಗು ಬತ್ತಿದರೆ ಹಕ್ಕಿಗಳೊಡನೆ ಮೀನು, ಕಪ್ಪೆ, ಕಣ್ಣಿಗೆ ಕಾಣದ ಅಸಂಖ್ಯ ಜಲಜೀವಿಗಳೂ ಅಳಿಯುತ್ತವೆ. ರಾಜರ ಬೇಟೆಯ ಕೆರೆಯಾಗಿದ್ದ ಭರತಪುರವು ಬಂದೂಕು ಮೌನವಾದ ಬಳಿಕ ಪಕ್ಷಿಧಾಮವಾಗಿ, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕೊಲ್ಲುವವರಿಲ್ಲದೆಯೂ ಕೆರೆ ಉಳಿಯಬಲ್ಲದು, ಕಾಯುವವರಿಲ್ಲದೆ ಉಳಿಯದು.

ಆದುದರಿಂದ ಶ್ರಾವಕರೂ ಬಸದಿಗಳ ಟ್ರಸ್ಟುಗಳೂ ಬೇಟೆಗೆ ಅವಕಾಶವಿಲ್ಲದ ಜಲಾಶಯಗಳಿಗಾಗಿ ಜೀವದಯಾ ನಿಧಿಯಿಂದ ಹಣ ತೆಗೆದಿಡುವುದು ಯುಕ್ತ. ಬೇಟೆಗಾರನು ತನ್ನ ವಿನೋದಕ್ಕಾಗಿ ಕೊಡುವಷ್ಟನ್ನು ಶ್ರಾವಕನು ದಯೆಗಾಗಿ ಕೊಡದಿದ್ದರೆ, ಆಕ್ಷೇಪಿಸುವ ಅಧಿಕಾರ ಅವನಿಗೆಲ್ಲಿಯದು?