ಮೌನ ಯಾರಿಗೆ ಬಂಗಾರ?

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಕಾಪಿ ಪುಸ್ತಕದಲ್ಲಿ ಹತ್ತು ಸಲ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತ ಬಹಳ ವರ್ಷ ಕಳೆದಿದ್ದೇನೆ. ಗಂಡುಮಕ್ಕಳು ಬರೆದು ಮರೆಯುತ್ತಾರೆ. ಹೆಣ್ಣುಮಕ್ಕಳು ಬರೆದದ್ದನ್ನು ಪಾಲಿಸುತ್ತಾರೆ. ಓದಿ, ನೌಕರಿ ಹಿಡಿದು, ನಮ್ಮ ಪಕ್ಕದಲ್ಲೇ ಸಹೋದ್ಯೋಗಿಗಳಾಗಿ ಬಂದು ಕೂತ ಮೇಲೂ ಸಭೆ ಎಂದರೆ ಹಿಂದಿನ ಸಾಲಿನ ಕುರ್ಚಿಯನ್ನೇ ಹುಡುಕುತ್ತಾರೆ.

ಇತ್ತೀಚೆಗೆ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬರಿಗೆ ಮಹಿಳಾ ಅಧ್ಯಯನದ ಸಮ್ಮೇಳನವೊಂದರ ಆಹ್ವಾನ ಬಂತು. “ಮೇಡಂ, ಅಲ್ಲೆಲ್ಲ ಡಾಕ್ಟರೇಟ್ ಆದವರು ಬರ್ತಾರೆ. ನಮ್ಮಂಥ ಬಿ.ಎ., ಬಿ.ಎಡ್.ನವರು ಹೋಗಿ ಏನು ಮಾಡೋದು? ಸುಮ್ಮನೆ ಕೂತು ಕೇಳಿಕೊಂಡು ಬರಬೇಕು, ಅಷ್ಟೆ” ಎಂದರು. ಅಂಥ ನಾಲ್ಕಾರು ಸಮ್ಮೇಳನಗಳಿಗೆ ಹೋಗಿಬಂದವಳು ನಾನು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಎಲ್ಲಿ ಕೂರಬೇಕು, ಹೇಗೆ ಮಾತಾಡಬೇಕು ಎಂಬುದನ್ನು ಯಾರಾದರೂ ಹೇಳಿಕೊಟ್ಟಾರು. ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಸುಮ್ಮನೆ ಕೂರುವುದು ವಿನಯವೋ, ಹೊಣೆಯಿಂದ ತಪ್ಪಿಸಿಕೊಳ್ಳುವ ಬಗೆಯೋ?

ಸಂಕೋಚ ಬಿಡಲು ಸ್ವಲ್ಪ ಚರಿತ್ರೆ ತಿಳಿದಿರಬೇಕು. 1971ರಲ್ಲಿ ಕೇಂದ್ರ ಸರ್ಕಾರ ಭಾರತದ ಮಹಿಳೆಯರ ಸ್ಥಾನಮಾನ ಕುರಿತು ಒಂದು ಸಮಿತಿಯನ್ನು ನೇಮಿಸಿತು. ಫುಲ್ರೇಣು ಗುಹಾ ಅದರ ಅಧ್ಯಕ್ಷೆ. ವೀಣಾ ಮಜುಂದಾರ್ ಅದರ ಸದಸ್ಯ ಕಾರ್ಯದರ್ಶಿಯಾಗಿ ದುಡಿದರು. 1974ರಲ್ಲಿ ‘ಸಮಾನತೆಯತ್ತ’ ಎಂಬ ಅರ್ಥದ ಹೆಸರಿನ ವರದಿ ಹೊರಬಂತು. ಸಂವಿಧಾನ ಬಂತು, ಹೆಣ್ಣುಮಕ್ಕಳು ಕಾಲೇಜು ಕಂಡರು, ಎಲ್ಲ ಸರಿಹೋಗುತ್ತಿದೆ ಎಂದು ಓದಿದವರು ನಂಬಿಕೊಂಡಿದ್ದ ಕಾಲ ಅದು. 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರ ಸಂಖ್ಯೆ 1971ರ ಹೊತ್ತಿಗೆ 930ಕ್ಕೆ ಇಳಿದಿದೆ ಎಂಬ ಸತ್ಯವನ್ನು ವರದಿ ಎಲ್ಲರ ಮುಂದೆ ಇಟ್ಟಿತು. ಸಮಿತಿಯವರು ರಾಜ್ಯ ರಾಜ್ಯ ಸುತ್ತಿ ಸಾಮಾನ್ಯ ಹೆಂಗಸರ ಮಾತನ್ನೂ ಕೇಳಿದ್ದರು. ಈ ವರದಿಯ ಪ್ರೇರಣೆಯಿಂದಲೇ ನಮ್ಮಲ್ಲಿ ಮಹಿಳಾ ಅಧ್ಯಯನ ಬೆಳೆಯಿತು. 1981ರ ಏಪ್ರಿಲ್‌ನಲ್ಲಿ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ ಹುಟ್ಟಿತು. 1993ರಲ್ಲಿ ಅದರ ಸಮ್ಮೇಳನ ನಮ್ಮ ಮೈಸೂರಿನಲ್ಲೇ ನಡೆದಿತ್ತು. ಸಂಶೋಧಕಿಯರ ಜೊತೆಗೆ ಕಾರ್ಯಕರ್ತೆಯರು, ವಿದ್ಯಾರ್ಥಿನಿಯರು ಸೇರುವ ಜಾಗ ಅದು. ಪದವಿ ಇಲ್ಲದ ಹೆಂಗಸರ ಮಾತನ್ನೂ ನೆಚ್ಚಿಕೊಂಡು ಬೆಳೆದ ಶಾಸ್ತ್ರದ ಬಾಗಿಲಲ್ಲಿ ಬಿ.ಎ., ಬಿ.ಎಡ್.ನವರು ಹಿಂಜರಿಯಬೇಕೇ?

ಇನ್ನು ಮೊದಲ ಸಲ ಹೋಗುವವರಿಗೆ ಎರಡು ಮಾತು. ಮಾತಾಡುವ ಆಸೆಯಿದ್ದರೆ ಮೊದಲೇ ಪ್ರಬಂಧದ ಸಾರಾಂಶವನ್ನು ಒಂದು ಪುಟದಲ್ಲಿ ಬರೆದು ಕಳಿಸಬೇಕು. ‘ಸಮಾಜದಲ್ಲಿ ಮಹಿಳೆ’ ಎಂದು ಊರಗಲ ಬರೆಯಬೇಡಿ. ನೀವೇ ಕಂಡ ಒಂದು ಸಣ್ಣ ವಿಷಯ ಸಾಕು. ಮಾತಿಗೆ ಸಿಗುವುದು ಹದಿನೈದು ನಿಮಿಷವಾದರೆ ಹನ್ನೆರಡಕ್ಕೆ ಮುಗಿಯುವಂತೆ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ ನೋಡಿ. ಒಂದೇ ಹೊತ್ತಿಗೆ ಮೂರು ನಾಲ್ಕು ಕೋಣೆಗಳಲ್ಲಿ ಗೋಷ್ಠಿಗಳು ನಡೆಯುತ್ತವೆ. ಎಲ್ಲವನ್ನೂ ಕೇಳಲಾಗದು, ಆರಿಸಿಕೊಳ್ಳಿ. ಚಹಾದ ಹೊತ್ತಿನಲ್ಲಿ ಕೋಣೆ ಸೇರಿಕೊಳ್ಳಬೇಡಿ. ಅರ್ಧ ಸಮ್ಮೇಳನ ನಡೆಯುವುದೇ ಆಗ. “ನಿಮ್ಮ ಮಾತು ಕೇಳಿದೆ, ಒಂದು ಸಂಶಯ ಇತ್ತು” ಎಂದರೆ ಎಷ್ಟು ದೊಡ್ಡ ವಿದುಷಿಯಾದರೂ ಲೋಟ ಹಿಡಿದುಕೊಂಡೇ ನಿಂತು ಉತ್ತರ ಹೇಳುತ್ತಾರೆ.

ಅಲ್ಲಿ ಸ್ನೇಹವಿದೆ, ನಿಜ. ಗುರುತಿಲ್ಲದವರು ಹೆಗಲ ಮೇಲೆ ಕೈಯಿಟ್ಟು ಊಟಕ್ಕೆ ಕರೆಯುತ್ತಾರೆ. ಹಿರಿಯರನ್ನೂ ಬರೀ ಹೆಸರು ಹಿಡಿದು ಕರೆಯುವ ರೂಢಿ ಕೆಲವರಲ್ಲಿದೆ. ನಮ್ಮ ಬಾಯಿಗೆ ಅದು ಬರುವುದಿಲ್ಲ. ‘ಮೇಡಂ’ ಎಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಆದರೆ ಸ್ನೇಹವಿದ್ದ ಮಾತ್ರಕ್ಕೆ ಸಮಾನತೆ ತಾನಾಗಿ ಬಂದುಬಿಡುತ್ತದೆಯೇ? ಅಮೆರಿಕದ ಜೋ ಫ್ರೀಮನ್ 1970ರಲ್ಲಿ ಒಂದು ಭಾಷಣದಲ್ಲಿ ಇದನ್ನು ಚರ್ಚಿಸಿದ್ದಾರೆ. ನಮಗೆ ನಾಯಕಿಯರು ಬೇಡ, ನಿಯಮಗಳು ಬೇಡ, ಎಲ್ಲರೂ ಗೆಳತಿಯರು ಎಂದು ಹೊರಟ ಗುಂಪುಗಳನ್ನು ಅವರು ಹತ್ತಿರದಿಂದ ಕಂಡವರು. ಬಾಯಿಬಿಟ್ಟು ಹೇಳಿದ ನಿಯಮ ಇಲ್ಲದ ಕಡೆ ಹೇಳದ ನಿಯಮ ಇದ್ದೇ ಇರುತ್ತದೆ, ಅದು ಹಳೆಯ ಗೆಳತಿಯರಿಗೆ ಮಾತ್ರ ಗೊತ್ತಿರುತ್ತದೆ, ಹೊಸಬರು ತಮ್ಮಲ್ಲೇ ಏನೋ ಕೊರತೆಯಿದೆ ಎಂದು ತಿಳಿಯುತ್ತಾರೆ ಎಂಬುದು ಅವರ ವಾದದ ತಿರುಳು.

ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಇದನ್ನು ವಿವರಿಸಬೇಕಿಲ್ಲ. “ನಿನ್ನ ಮನೆ ಅಂತಲೇ ತಿಳಿಕೊಳ್ಳಮ್ಮ” ಎನ್ನುತ್ತಾರೆ. ಹಾಲಿನ ಪಾತ್ರೆ ಯಾವುದು, ಮೊದಲು ಯಾರಿಗೆ ಬಡಿಸಬೇಕು ಎಂದು ಮಾತ್ರ ಹೇಳುವುದಿಲ್ಲ. ಹೇಳದೆಯೇ ತಪ್ಪು ಹುಡುಕುತ್ತಾರೆ. ಹಾಗಾಗಿ ಗೋಷ್ಠಿಯ ಅಧ್ಯಕ್ಷೆ ಗಂಟೆ ಬಾರಿಸಿದರೆ, ಸಮಯ ಮುಗಿಯಿತು ಎಂದು ಚೀಟಿ ಕಳಿಸಿದರೆ ಸಿಡುಕಬೇಡಿ. ದೊಡ್ಡ ಹೆಸರಿನವರಿಗೂ ನಮಗೂ ಒಂದೇ ಗಂಟೆ. ಇಲ್ಲದಿದ್ದರೆ ಮಾತು ಬಲ್ಲವರು ಮುಗಿಸುವುದೂ ಇಲ್ಲ, ನಮ್ಮ ಸರದಿ ಬರುವುದೂ ಇಲ್ಲ.

ಮತ್ತೊಂದು ಸಂಗತಿ ಮೊದಮೊದಲು ಎದೆ ನಡುಗಿಸುತ್ತದೆ. ನಿಮ್ಮ ಪ್ರಬಂಧ ಮುಗಿದ ಕೂಡಲೇ ಯಾರಾದರೂ ಎದ್ದು “ಈ ಮಾತನ್ನು ನಾನು ಒಪ್ಪುವುದಿಲ್ಲ” ಎನ್ನಬಹುದು. ನಮ್ಮ ಕಡೆ ಮುಖದ ಮೇಲೆ ಹಾಗೆ ಹೇಳಿದರೆ ಜಗಳವೆಂದೇ ಅರ್ಥ. ಅಲ್ಲಿ ಹಾಗಲ್ಲ. ನಿಮ್ಮ ಮಾತನ್ನು ಗಮನವಿಟ್ಟು ಕೇಳಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ. “ಚೆನ್ನಾಗಿತ್ತು, ಚೆನ್ನಾಗಿತ್ತು” ಎಂದು ಬೆನ್ನು ತಟ್ಟಿ ಕಳಿಸುವುದು ಮಕ್ಕಳನ್ನು ಸಮಾಧಾನ ಮಾಡುವ ರೀತಿ. ನಿಮ್ಮನ್ನು ಸರಿಸಮಾನಳೆಂದು ಕಂಡವಳು ಮಾತ್ರ ನಿಮ್ಮ ಜೊತೆ ವಾದ ಮಾಡುತ್ತಾಳೆ. ಅದೇ ಮಧ್ಯಾಹ್ನ ಅವಳೇ ನಿಮ್ಮ ಪಕ್ಕದಲ್ಲಿ ಊಟಕ್ಕೆ ಕೂತರೆ ಆಶ್ಚರ್ಯಪಡಬೇಡಿ.

ನಾನು ಒಮ್ಮೆ ಮಂಡಿಸಿದ ಪ್ರಬಂಧಕ್ಕೆ ಆಧಾರ ಯಾವ ದೊಡ್ಡ ಗ್ರಂಥವೂ ಆಗಿರಲಿಲ್ಲ, ನನ್ನ ತರಗತಿಯ ಹಾಜರಿ ಪುಸ್ತಕವಾಗಿತ್ತು. ಎಂಟನೆಯ ತರಗತಿಯ ಹುಡುಗಿಯರು ಯಾವ ದಿನ ಬರುವುದಿಲ್ಲ ಎಂದು ವರ್ಷವಿಡೀ ಗುರುತು ಹಾಕಿದ್ದೆ. ಸಂತೆಯ ದಿನ ತಾಯಿ ತರಕಾರಿ ಮಾರಲು ಹೋದರೆ ಮಗು ನೋಡಿಕೊಳ್ಳಲು ಮಗಳು ಮನೆಯಲ್ಲಿ ಉಳಿಯುತ್ತಾಳೆ. ಬೋರ್‌ವೆಲ್ ಕೆಟ್ಟು ಶೌಚಾಲಯದಲ್ಲಿ ನೀರಿಲ್ಲದ ವಾರ ದೊಡ್ಡ ಹುಡುಗಿಯರ ಸಾಲೇ ಖಾಲಿ. ಜಿಲ್ಲೆಯ ಹಾಜರಾತಿಯ ಸರಾಸರಿ ಆ ಸಭೆಯಲ್ಲಿ ಹಲವರಿಗೆ ಗೊತ್ತಿತ್ತು. ಅದು ಸಂತೆಯ ದಿನ ಕುಸಿಯುತ್ತದೆ ಎಂದು ಗೊತ್ತಿದ್ದದ್ದು ನನಗೆ. ಕನ್ನಡದಲ್ಲೇ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಉಪನ್ಯಾಸಕಿಯೊಬ್ಬರು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಬಂದ ಪ್ರಶ್ನೆಗಳೆಲ್ಲ ನೀರಿನ ಬಗ್ಗೆ, ಸಂತೆಯ ಬಗ್ಗೆ. ನನ್ನ ಭಾಷೆಯ ಬಗ್ಗೆ ಒಂದೂ ಇಲ್ಲ.

ಆ ದಿನ ನಾನು ಸುಮ್ಮನಿದ್ದಿದ್ದರೆ ಅದು ವಿನಯವೆಂದು ಕಾಣುತ್ತಿತ್ತು. ನಷ್ಟ ಮಾತ್ರ ಆ ಹುಡುಗಿಯರದು. ನಮಗೆ ತಿಳಿದದ್ದು ನಮ್ಮೊಬ್ಬರ ಆಸ್ತಿಯಲ್ಲ. ನಮ್ಮ ಕಣ್ಣ ಮುಂದೆ ಬದುಕಿದವರ ಪಾಲು ಅದರಲ್ಲಿದೆ. ಅವರ ಪರವಾಗಿ ಹೇಳಬೇಕಾದದ್ದನ್ನು ನುಂಗಿಕೊಳ್ಳುವ ಹಕ್ಕು ನಮಗಿದೆಯೇ? ಇಲ್ಲವೆಂದೇ ನನ್ನ ತಿಳಿವಳಿಕೆ.

ಹಾಗೆಂದು ಎಲ್ಲವನ್ನೂ ಹೇಳಿಬಿಡುವುದೂ ಸರಿಯಲ್ಲ. ಆ ಹುಡುಗಿಯರ ಹೆಸರು, ಊರು ಯಾವುದನ್ನೂ ನಾನು ಹೇಳಲಿಲ್ಲ. ಅಲ್ಲಿ ರಾತ್ರಿ ಕೋಣೆಯಲ್ಲಿ ಮಲಗಿರುವಾಗ ಹೊಸ ಪರಿಚಯದ ಹೆಂಗಸು ತನ್ನ ಗಂಡ ಹೊಡೆಯುವುದನ್ನು ನಿಮ್ಮಲ್ಲಿ ಹೇಳಿಕೊಂಡಾಳು. ಅದು ಊರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಹೇಳುವ ಕಥೆಯಲ್ಲ, ಮುಂದಿನ ಪ್ರಬಂಧಕ್ಕೆ ಉದಾಹರಣೆಯೂ ಅಲ್ಲ. ಇಂಥ ಕಡೆ ಮೌನ ನಿಜಕ್ಕೂ ಬಂಗಾರ. ನಮ್ಮ ಹೆದರಿಕೆಯನ್ನು ಕಾಯುವ ಮೌನ ಬೇರೆ, ಇನ್ನೊಬ್ಬಳ ಮಾನವನ್ನು ಕಾಯುವ ಮೌನ ಬೇರೆ.

ಕೊನೆಯದಾಗಿ, ಸಭೆಯಲ್ಲಿ ಯಾರು ಇದ್ದಾರೆ ಎಂಬುದರಷ್ಟೇ ಯಾರು ಇಲ್ಲ ಎಂಬುದನ್ನೂ ನೋಡಬೇಕು. 1970ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹೆಂಗಸರ ವಿಮೋಚನೆಯ ಸಮ್ಮೇಳನ ನಡೆದಾಗ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಗಂಡಸರದಾಗಿತ್ತು. ಸ್ಟೂವರ್ಟ್ ಹಾಲ್‌ರಂಥ ವಿದ್ವಾಂಸರೂ ಅದಕ್ಕೆ ನಿಂತಿದ್ದರು. ತಾಯಂದಿರು ನಿಶ್ಚಿಂತೆಯಿಂದ ಕೂರಬೇಕಾದರೆ ಯಾರಾದರೂ ಮಗುವನ್ನು ಎತ್ತಿಕೊಳ್ಳಲೇಬೇಕಲ್ಲ. 1979ರಲ್ಲಿ ನ್ಯೂಯಾರ್ಕಿನ ಸ್ತ್ರೀವಾದಿ ಸಮ್ಮೇಳನದಲ್ಲಿ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ ಇನ್ನೂ ಕಠಿಣವಾದ ಪ್ರಶ್ನೆ ಎತ್ತಿದರು. ನೀವೆಲ್ಲ ಇಲ್ಲಿ ಕೂತು ಸಿದ್ಧಾಂತ ಚರ್ಚಿಸುವಾಗ ನಿಮ್ಮ ಮನೆ ಗುಡಿಸುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ ಇರುವ ಬಡ ಹೆಂಗಸರ ಗತಿಯೇನು ಎಂಬ ಅರ್ಥದ ಪ್ರಶ್ನೆ ಅದು.

ನಾವೂ ಬಸ್ಸು ಹತ್ತುವ ಮೊದಲು ಇದನ್ನು ಕೇಳಿಕೊಳ್ಳಬೇಕು. ಮೂರು ದಿನ ಸಿ.ಎಲ್. ಹಾಕಿ ನಾವು ಹೊರಟರೆ ಮನೆಗೆಲಸಕ್ಕೆ ಬರುವಾಕೆ ಎರಡು ಗಂಟೆ ಹೆಚ್ಚು ದುಡಿಯುತ್ತಾಳೆ. ಆ ದುಡಿಮೆಗೆ ಕೂಲಿ ಸಲ್ಲಬೇಕು. ಬರುವಾಗ ಒಂದು ಸೀರೆ ತಂದುಕೊಟ್ಟರಾಯಿತು ಎಂದರೆ ಅದು ಪ್ರೀತಿಯಾದೀತು, ನ್ಯಾಯವಾಗದು. ಗಂಡಸರು ಮೂರು ದಿನ ಅಡುಗೆ ಮಾಡಿಕೊಂಡರೆ ಮನೆಯೇನೂ ಮುಳುಗುವುದಿಲ್ಲ.

ಆದ್ದರಿಂದ ಹೋಗಿ. ಸ್ವಲ್ಪ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಒಂದಾದರೂ ಪ್ರಶ್ನೆ ಕೇಳಿ. ಅದು ಪ್ರಶ್ನೆಯೇ ಆಗಿರಲಿ, ಭಾಷಣ ಬೇಡ. ಎರಡನೆಯ ಸಲ ಹೋಗುವ ಹೊತ್ತಿಗೆ ನೀವು ಹೊಸಬರಾಗಿರುವುದಿಲ್ಲ. ಅಲ್ಲಿಂದ ನಿಮ್ಮ ಹೊಣೆ ಬದಲಾಗುತ್ತದೆ. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಪಕ್ಕ ಕೂತವಳು ಒಬ್ಬಳು ಇದ್ದೇ ಇರುತ್ತಾಳೆ. ನಕ್ಕು ಮುಂದೆ ಹೋಗಿಬಿಡಬೇಡಿ. ಊಟದ ಚೀಟಿ ಎಲ್ಲಿ ಸಿಗುತ್ತದೆ, ಗಂಟೆ ಯಾವಾಗ ಹೊಡೆಯುತ್ತಾರೆ, ಪ್ರಶ್ನೆ ಕೇಳಲು ಯಾವಾಗ ಕೈ ಎತ್ತಬೇಕು ಎಂದು ಹೇಳಿಕೊಡಿ. ಆಮೇಲೆ, ಅವಳಿಗೆ ಏನು ಗೊತ್ತು ಎಂದು ಕೇಳಿ.