ಮರದ ಗಾಯ, ಮನೆಯ ಧೂಪ

ಕೆಂಡದ ಮೇಲೆ ಚಿಟಿಕೆ ಸಾಂಬ್ರಾಣಿ ಉದುರಿಸಿದರೆ ಮನೆ ಶುದ್ಧವಾಗುತ್ತದೆ ಎನ್ನುವಾಗ ‘ಶುದ್ಧ’ ಎಂಬ ಒಂದೇ ಪದದಲ್ಲಿ ಎರಡು ಅರ್ಥಗಳು ಕಲಸಿಕೊಂಡಿರುತ್ತವೆ: ಒಂದು ವೈದ್ಯನದು, ಇನ್ನೊಂದು ಭಕ್ತನದು. ಗಾಯಾಳು ಮಲಗಿದ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಹೊಗೆಯನ್ನು ದಿನಕ್ಕೆರಡು ಸಲದಂತೆ 10 ದಿನ ಹಾಕಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಕಾಶ್ಯಪಸಂಹಿತೆಯಲ್ಲಿ ಧೂಪಗಳಿಗೆಂದೇ ಒಂದು ಅಧ್ಯಾಯವಿದೆ. ಬಾಣಂತಿಯ ಕೂದಲಿಗೆ, ಕೂಸಿನ ಬಟ್ಟೆಗೆ ಹೊಗೆ ಹಿಡಿಯುವ ನಮ್ಮ ರೂಢಿ ವೈದ್ಯನ ಕಡೆಯದು. ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಂಬ ಪಂಚೋಪಚಾರದ ಧೂಪವಾದರೋ ಬೇರೆಯದೇ. ಅಲ್ಲಿ ಅದು ಔಷಧಿಯಲ್ಲ, ಅರ್ಪಣೆ.

ಈಚೆಗೆ ಎರಡನೆಯದನ್ನು ಉಳಿಸಲು ಮೊದಲನೆಯದರ ಆಸರೆ ಬೇಡುವುದು ಹೆಚ್ಚಾಗಿದೆ. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಚ್ಚಿದ ಕೋಣೆಯೊಳಗೆ ಹವನದ ಕಟ್ಟಿಗೆ ಮತ್ತು ಮೂಲಿಕೆಗಳನ್ನು 1 ಗಂಟೆ ಉರಿಸಿದಾಗ ಗಾಳಿಯಲ್ಲಿದ್ದ ಬ್ಯಾಕ್ಟೀರಿಯಾ ಶೇ. 90ಕ್ಕೂ ಮೀರಿ ಕಡಿಮೆಯಾದವು. ಪ್ರಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಏನನ್ನು ಸುಟ್ಟರೂ ಹೊಗೆಯ ನವುರು ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸದವರಿಗೆ ಅದು ನೇರ ಕೇಡು. ಕಣ್ಣು ಬೇಡವೆಂದರೆ ಮುಚ್ಚಬಹುದು. ಮೂಗನ್ನು ಮುಚ್ಚಿ ಎಷ್ಟು ಹೊತ್ತು ಇರಲಾದೀತು? ಪಕ್ಕದವನ ಉಸಿರು ಕಟ್ಟಿಸಿ ಗಳಿಸುವ ಶುದ್ಧಿಯನ್ನು ಯಾವ ಶಾಸ್ತ್ರದ ಹೆಸರಿನಲ್ಲೂ ಸಮರ್ಥಿಸಲು ನನಗೆ ಮನಸ್ಸಿಲ್ಲ. ಗಾಳಿಯನ್ನು ತೊಳೆಯುವ ಕೆಲಸಕ್ಕೆ ತೆರೆದ ಕಿಟಕಿಯೇ ಸಾಕು.

ಹಾಗಾದರೆ ಧೂಪ ಶುದ್ಧಗೊಳಿಸುವುದು ಯಾರನ್ನು? ಜಿನಪೂಜೆಯ ಅಷ್ಟದ್ರವ್ಯಗಳಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ಅಲ್ಲಿ ಧೂಪ ಅರ್ಪಿಸುವುದು ಎಂಟು ಕರ್ಮಗಳು ಸುಟ್ಟುಹೋಗಲೆಂಬ ಸಂಕಲ್ಪದಿಂದ. ಅಂದರೆ ಕೊಳೆ ಇರುವುದು ಕೋಣೆಯಲ್ಲಲ್ಲ, ಧೂಪ ಹಾಕುವ ಕೈಯ ಒಡೆಯನಲ್ಲಿ. ಬೆಂಕಿಯಲ್ಲೂ ಜೀವವಿದೆ ಎಂದು ನಂಬುವ ಧರ್ಮವಿದು ಎಂಬುದನ್ನು ನೆನೆದರೆ ಆ ಸಂಕಲ್ಪದ ತೂಕ ಇನ್ನಷ್ಟು ತಿಳಿಯುತ್ತದೆ. ಕೆಂಡ ಊದುವವನಿಗೆ ತಾನು ನೋವು ಮಾಡುತ್ತಿರುವೆನೆಂಬ ಅರಿವೂ ಇರಬೇಕಾಗುತ್ತದೆ. ಒಳಗೇ ಶುದ್ಧವಾಗಬೇಕಾದರೆ ಹೊರಗಿನ ಹೊಗೆ ಏಕೆ ಎಂದು ಕೇಳಬಹುದು. ಗೀತೆಯ ಒಂಬತ್ತನೆಯ ಅಧ್ಯಾಯ ಎಲೆ, ಹೂ, ಹಣ್ಣು, ನೀರು ಸಾಕೆನ್ನುತ್ತದೆ, ಧೂಪವನ್ನು ಹೆಸರಿಸುವುದಿಲ್ಲ. ವೀರಶೈವರ ಅಷ್ಟಾವರಣದಲ್ಲೂ ಅದಿಲ್ಲ. ಆಕ್ಷೇಪ ಗಟ್ಟಿಯಾದದ್ದೇ, ಧೂಪ ಅನಿವಾರ್ಯವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಅದೇ ಅಷ್ಟಾವರಣದಲ್ಲಿ ವಿಭೂತಿ ಇದೆ. ಸುಟ್ಟ ಮೇಲೆ ಉಳಿದದ್ದನ್ನು ಹಣೆಗೆ ಹಚ್ಚಿಕೊಂಡವರಿಗೆ, ಒಳಗಿನ ಮಾತಿಗೆ ಹೊರಗೊಂದು ಗುರುತು ಬೇಕೆಂಬುದು ಗೊತ್ತಿತ್ತು. ಮತ್ತೆ ತಿರುಗಿ ಪಡೆಯಲಾಗದಂತೆ ಏನನ್ನೋ ಕೆಂಡಕ್ಕೆ ಹಾಕುವುದು ಬಿಡುವುದರ ಅಭ್ಯಾಸ. ನೈವೇದ್ಯವಾದರೆ ಪ್ರಸಾದವಾಗಿ ಮರಳಿ ನಮ್ಮ ಕೈಗೇ ಬರುತ್ತದೆ, ಧೂಪ ಮರಳುವುದಿಲ್ಲ.

ಬಿಡುವುದೇ ಶುದ್ಧಿಯಾದರೆ, ಬಿಟ್ಟವರು ಯಾರು ಎಂಬುದನ್ನೂ ಕೇಳಲೇಬೇಕು. ಧೂಪವಾಗಿ ನಾವು ಕೆಂಡಕ್ಕೆ ಹಾಕುವ ರಾಳವೆಂದರೆ ಮರ ತನ್ನ ಗಾಯ ಮುಚ್ಚಿಕೊಳ್ಳಲು ಸುರಿಸುವ ಅಂಟು. ಪಶ್ಚಿಮಘಟ್ಟದ ರಾಳಧೂಪದ ಮರಕ್ಕೆ ಕಚ್ಚು ಹಾಕಿ, ಬುಡದಲ್ಲಿ ಬೆಂಕಿ ಇಟ್ಟು ಅಂಟು ಇಳಿಸುವ ಪದ್ಧತಿ ಹಳೆಯದು. ರಾಜಸ್ಥಾನ, ಗುಜರಾತುಗಳ ಒಣನೆಲದಲ್ಲಿ ಬೆಳೆಯುವ ಗುಗ್ಗುಳದ ಪೊದೆಗಳು, ಹೆಚ್ಚು ಅಂಟಿನಾಸೆಗೆ ಆಳವಾಗಿ ಕೆತ್ತಿದರೆ ಒಣಗಿ ಸಾಯುತ್ತವೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಆ ಗಿಡ ಅತ್ಯಂತ ಅಪಾಯದಲ್ಲಿರುವ ವರ್ಗಕ್ಕೆ ಸೇರಿದೆ. ತ್ಯಾಗ ಮಾಡಿದ್ದು ಗಿಡ, ಪುಣ್ಯ ಬರೆದುಕೊಳ್ಳುವವರು ನಾವು ಎಂದಾದರೆ ಅಲ್ಲಿ ಅರ್ಪಣೆಯೇ ನಡೆದಿಲ್ಲ. ಹಳೆಯ ಗಾಯ ಮುಚ್ಚುವವರೆಗೆ ಕಾದು ಅಂಟು ತೆಗೆಯುವವರಿಂದ ತಕ್ಕ ಬೆಲೆ ಕೊಟ್ಟು ಕೊಂಡರೆ ಬಹುಶಃ ಹಬ್ಬ ಹುಣ್ಣಿಮೆಗಷ್ಟೇ ಒಂದು ಚಿಟಿಕೆ ದಕ್ಕೀತು. ಉಳಿದ ದಿನ ಕೆಂಡವಿಲ್ಲದೆ ಕೈಮುಗಿದರೂ ಪೂಜೆಗೆ ಕೊರತೆಯಾಗದು.